ರಾಜೇಸಾಬನ ಹೊಲದ ಕೆಳಗಿನ ಪೈಪು

ನಮ್ಮ ಉಗಾರ ಬುದ್ರುಕದ ಮುರಗೆಪ್ಪನಿಗೆ ಸಭೆ ಅಂದರೆ ಮೈ ಉರಿಯುತ್ತದೆ. ಕಬ್ಬು ಕಡಿಯಲು ಗ್ಯಾಂಗಿನವರನ್ನೂ ಕರೆಯುವುದಿಲ್ಲ. ತಾನೂ ಹೆಂಡತಿ ಕುಸುಮಳೂ ಸೇರಿ ಕಡಿಯುತ್ತಾರೆ. ನಾಲ್ಕು ಮಂದಿ ಕೂಡಿದಲ್ಲಿ ಒಬ್ಬ ಕದಿಯುತ್ತಾನೆ, ಉಳಿದವರು ಹೌದೌದು ಅನ್ನುತ್ತಾರೆ ಎಂಬುದು ಅವನ ವಾದ. ನನ್ನ ಹೊಲಕ್ಕೆ ನಾನೇ ಧಣಿ, ನಡುವೆ ನೀವ್ಯಾರು ಎಂದು ಪಂಚಾಯ್ತಿಯ ಮುಂದೆಯೇ ಕೇಳಿದವನು. ನಾನು ನೀರಿನ ಪಾಳಿ ಹಚ್ಚುವ ಸಮಿತಿಯವನು. ಅವನ ಮಾತು ನನಗೆ ಚುಚ್ಚುತ್ತಿತ್ತು, ಯಾಕೆಂದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಈ ಬೇಸಿಗೆಯಲ್ಲಿ ಕೃಷ್ಣಾ ಹೊಳೆ ಬತ್ತಿ ಮಡು ಮಾತ್ರ ಉಳಿಯಿತು. ಮೋಟಾರುಗಳನ್ನು ಪಾಳಿಯಂತೆ ನಡೆಸಬೇಕೆಂದು ಊರು ಕೂಡಿ ತೀರ್ಮಾನಿಸಿತು. ಮುರಗೆಪ್ಪ ಬರಲಿಲ್ಲ, ಮೋಟಾರನ್ನೂ ನಿಲ್ಲಿಸಲಿಲ್ಲ. ಸಮಿತಿಯವರು ತಮ್ಮವರಿಗೆ ಹೆಚ್ಚು ನೀರು ಬಿಟ್ಟುಕೊಳ್ಳುತ್ತಾರೆಂದು ಅವನ ಗುಮಾನಿ. ಮಡುವನ್ನೆಲ್ಲ ಅವನೊಬ್ಬನೇ ಎಳೆಯುತ್ತಾನೆಂದು ನಮ್ಮ ಗುಮಾನಿ. ಕೊನೆಗೆ ಅವನ ಪೈಪನ್ನೇ ಅಗೆದು ತೆಗೆಯುವುದೆಂದು ಕೈ ಎತ್ತಿದೆವು. ಪೈಪು ಹೋದರೆ ಅವನ ಕಬ್ಬು ಒಣಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಆ ಪೈಪು ಹೊಳೆಯಿಂದ ರಾಜೇಸಾಬನ ಹೊಲದ ಕೆಳಗೆ ಹಾದು ಬರುತ್ತದೆ. ನಮ್ಮ ಕಡೆ ಇದೆಲ್ಲ ಬಾಯಿಮಾತಿನ ವ್ಯವಹಾರ. ಹೊಲದವರು ಹೂಂ ಅಂದರೆ ಮುಗಿಯಿತು. ನಾವು ಸಲಿಕೆ ಹಿಡಿದು ಹೋದರೆ ರಾಜೇಸಾಬ ಬದುವಿನ ಮೇಲೆ ಅಡ್ಡ ನಿಂತಿದ್ದ. ಪಾಳಿಗೆ ಒಪ್ಪಿದವರಲ್ಲಿ ಅವನೇ ಮೊದಲಿಗ. ಅಗೆಯುವ ಮಾತು ಬಂದ ದಿನ ಊರಲ್ಲಿರಲಿಲ್ಲ.

"ನನ್ನ ಹೊಲದಾಗ ನನ್ನ ಕೇಳದ ಯಾರೂ ಸಲಿಕಿ ಹಾಕಂಗಿಲ್ರಿ" ಅಂದ.

ಸುದ್ದಿ ತಿಳಿದು ಅಲ್ಲಿಗೆ ಓಡಿಬಂದಿದ್ದ ಮುರಗೆಪ್ಪ ಹಿಗ್ಗಿಹೋದ. ಇಡೀ ಊರಲ್ಲಿ ಗಂಡಸು ಅಂದರೆ ಇವನೊಬ್ಬನೇ ಎಂದು ಹೊಗಳಿದ. ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ರಾಜೇಸಾಬ ಅವನತ್ತ ತಿರುಗಿದ. "ಮುರಗೆಣ್ಣಾ, ಇವರಿಗೆ ಹೇಳಿದ್ದು ನಿನಗೂ ಐತಿ. ಪೈಪಿಗೆ ಹೂಂ ಅಂದಾಂವ ನಮ್ಮಪ್ಪ, ನಾ ಅಲ್ಲ. ಪಾಳಿ ಹಿಡದ್ರ ಪೈಪ ಇರತೈತಿ. ಇಲ್ಲಂದ್ರ ನಾನಽ ಕಿತ್ತ ಒಗಿತೀನಿ. ಹೊಲ ನಂದು."

ಜೀವಮಾನವಿಡೀ ಮುರಗೆಪ್ಪ ಆಡಿದ್ದೂ ಅದೇ ಮಾತು, ನನ್ನ ಹೊಲಕ್ಕೆ ನಾನೇ ಧಣಿ ಎಂದು. ಹೋಗಿ ಮೋಟಾರು ಬಂದ್ ಮಾಡಿದ.

ಗೆದ್ದೆವೆಂದು ನಗುತ್ತಾ ನಾವು ಊರ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ನನ್ನ ನಗೆ ನಿಂತಿತು. ಮುರಗೆಪ್ಪನನ್ನು ಬಗ್ಗಿಸಿದ್ದು ನಮ್ಮ ಸಭೆಯಲ್ಲ, ಒಬ್ಬ ಹೊಲದ ಮಾಲೀಕ. ನನ್ನ ಪೈಪು ಬರುವುದು ಅಣ್ಣಾಸಾಬನ ಹೊಲದ ಕೆಳಗೆ. ಅಂದಿನಿಂದ ಅಣ್ಣಾಸಾಬ ಎದುರಾದರೆ ಮೊದಲು ನಮಸ್ಕಾರ ಹೇಳುವವನು ನಾನು. ಸಭೆಯಲ್ಲಿ ಅವನ ಕೈ ಏಳುವ ತನಕ ನನ್ನ ಕೈಯೂ ಏಳುವುದಿಲ್ಲ.