ಮನೆ ಅನ್ನೋ ಗುಂಡಿ

ಟಪಟಪ ಎಂಬ ಹುಡುಗಿ ನಮ್ಮ ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ ಕಿಟಕಿ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ನೇರವಾಗಿ ಮಂಚದ ಕೆಳಗೆ ತೂರಿಕೊಂಡಳು. ಏನೋ ಬೀಳಿಸಿಕೊಂಡಳೇನೋ ಎಂದು ನಾನೂ ಬಗ್ಗಿದೆ.

"ಅಜ್ಜಿ, ಪ್ಲಗ್ಗು ಇದೊಂದೇನಾ?" ಎಂದು ಕೆಳಗಿನಿಂದಲೇ ಕೇಳಿದಳು. ಅದೊಂದೇ ಎಂದೆ. ಸಾಕು ಎಂದು ತಲೆಗೆ ಜೇಡರಬಲೆ ಮೆತ್ತಿಕೊಂಡು ಎದ್ದಳು. ಟಪಟಪ ಎಂಬ ಹೆಸರು ನಾನಿಟ್ಟದ್ದು. ಅವಳು ಕಂಪ್ಯೂಟರ್ ಕುಟ್ಟುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು.

ಜೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡಲು ಹೊರಟಿದ್ದಳು. ವೆಬ್‌ಸೈಟ್ ರೆಡಿಮೇಡ್ ಅಂಗಿಯ ಹಾಗೆ ಬರುತ್ತದಂತೆ, ಎಲ್ಲರಿಗೂ ಒಂದೇ ಅಳತೆ. ತೋಳು ಮೊಟಕು ಮಾಡಿ, ಸೊಂಟ ಹಿಡಿದು, ಅವರವರ ಮೈಗೆ ಕೂರಿಸುವುದು ಇವಳ ಕೆಲಸ.

ಮೊದಲ ಗಿರಾಕಿ ನನ್ನ ಮೈದುನ, ಹೊಲಿಗೆ ಮಷಿನ್ ರಿಪೇರಿಯವನು. ಅಂಗಡಿಯನ್ನು ಓಣಿಯೊಳಗೆ ಸಾಗಿಸಿದ ಮೇಲೆ ಅವನ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವರು, ಮೊದಲು ಇವನದ್ದು ಹೇಗಾಗತ್ತೋ ನೋಡೋಣ ಎಂದು ಕಾದಿದ್ದರು. ಇದು ಕೆಟ್ಟರೆ ಹುಡುಗಿ ಮತ್ತೆ ಜೆರಾಕ್ಸ್ ಮಷಿನ್ ಮುಂದೆ ನಿಲ್ಲಬೇಕಿತ್ತು.

ಅವನ ವೆಬ್‌ಸೈಟ್ ಹೊಸದಾಗಿ ಹಾಕಿದಾಗ ಅದರಲ್ಲಿ ಯಾವುದೋ ಬೆಟ್ಟದ ಚಿತ್ರ, ಕೆಳಗೆ 'ನಮಸ್ಕಾರ ಜಗತ್ತೇ' ಎಂಬ ಬರಹ. ಮೈದುನ ಕನ್ನಡಕ ಏರಿಸಿ ನೋಡಿದ.

"ಅಲ್ಲಮ್ಮಾ, ನಾನು ಜಗತ್ತಿಗೆಲ್ಲ ನಮಸ್ಕಾರ ಹೊಡ್ಕೊಂಡು ಕೂತ್ರೆ ಮಷಿನ್ ಯಾರು ಬಿಚ್ತಾರೆ?"

ಟಪಟಪ ಬೆಟ್ಟ ತೆಗೆದು, ಅವನ ಬೆರಳು ಸೂಜಿಗೆ ದಾರ ಪೋಣಿಸುವ ಫೋಟೋ ಹಾಕಿದಳು. ಅವನ ಎಣ್ಣೆ ಡಬ್ಬಿಯ ಹಸಿರನ್ನೇ ಪುಟಕ್ಕೆಲ್ಲ ಬಳಿದಳು. ಕಂಡವರೆಲ್ಲ ಅಭಿಪ್ರಾಯ ಬರೆಯುವ ಜಾಗ ಮುಚ್ಚಿದಳು. ಮೈದುನನಿಗೆ ಬಹಳ ಹಿಡಿಸಿದ್ದು ಅದೇ. ಕಂಪ್ಯೂಟರನ್ನು ನನ್ನ ಮುಂದೆಯೂ ಹಿಡಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೇಲ್ಗಡೆ ಸಾಲಾಗಿ ಮನೆ, ಅಂಗಡಿ, ಫೋನ್ ಎಂದಿತ್ತು. ಸರಿಯಾಗಿದೆ ಎಂದೆ.

ಸೈಟ್ ತೆರೆದದ್ದೇ ತಡ, ಫೋನ್ ಮೇಲೆ ಫೋನ್. ಎಲ್ಲರದೂ ಒಂದೇ ಮಾತು: ನಮ್ಮನೆಗೆ ಯಾವಾಗ ಬರ್ತೀರಿ? ಮೈದುನ ಮಂಡಿನೋವಿನವನು, ಯಾರ ಮನೆಗೂ ಹೋದವನಲ್ಲ. ಕೆಂಡವಾಗಿ ಬಂದ.

"ಅತ್ತಿಗೆ, ನಿಮ್ಮ ಟಪಟಪ ನನ್ನನ್ನ ಬೀದಿ ಸುತ್ತೋಕೆ ಹಚ್ಚಿದಾಳೆ. ಇವತ್ತೇ ಅದನ್ನ ಅಳಿಸೋಕೆ ಹೇಳಿ."

ಹುಡುಗಿಯ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಆ 'ಮನೆ'. ಅದು ಮೊದಲ ಪುಟಕ್ಕೆ ವಾಪಸ್ ಬರುವ ಗುಂಡಿಯಂತೆ, ಇಂಗ್ಲಿಷಿನ 'ಹೋಮ್' ಕನ್ನಡವಾಗಿ ರೆಡಿಮೇಡ್ ಜೊತೆಗೇ ಬಂದದ್ದು. ದಿನಾ ನೋಡುವವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಜನ ಓದಿದ್ದು ಮನೆಗೇ ಬಂದು ರಿಪೇರಿ ಎಂದು. ನಾನೂ ಹಾಗೇ ಓದಿ, ಮೈದುನನ ಮಂಡಿ ವಾಸಿಯಾಯಿತೇನೋ ಎಂದುಕೊಂಡಿದ್ದೆ.

ಅವಳು ಅದನ್ನು ಕೂಡಲೇ 'ಮೊದಲ ಪುಟ' ಎಂದು ಬದಲಿಸಿದಳು. ಮೈದುನ ಜಗ್ಗಲಿಲ್ಲ. ಆದರೆ ಫೋನ್ ಮಾಡಿದವರಲ್ಲಿ ಒಬ್ಬ ರಿಟೈರಾದ ನರ್ಸಮ್ಮ ಇದ್ದರು. ಅವರ ಕಾಲುಮಷಿನ್ ಹೊತ್ತು ತರುವವರಿಲ್ಲದೆ ಮೂಲೆಯಲ್ಲಿ ಬಟ್ಟೆ ಪೇರಿಸುವ ಮೇಜಾಗಿತ್ತಂತೆ. ಇದೊಂದು ಮನೆಗೆ ಬನ್ನಿ ಅಂಕಲ್, ಆಮೇಲೆ ನಾನೇ ಅಳಿಸ್ತೀನಿ ಎಂದು ಟಪಟಪ ಗೋಗರೆದು, ಅವನ ಸಾಮಾನಿನ ಚೀಲ ತಾನೇ ಹೊತ್ತುಕೊಂಡು ಆಟೋ ಹತ್ತಿಸಿದಳು.

ಹೋಗುವಾಗ ಗೊಣಗುತ್ತಾ ಹೋದವನು ಬರುವಾಗ ಸಿಳ್ಳೆ ಹಾಕುತ್ತಾ ಬಂದ. ಅಂಥ ಹಳೇ ಮಷಿನ್ ಕೈಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ ಏನೋ, ಅದರ ಚಕ್ರ ತಿರುಗಿದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ.

"ಅಳಿಸ್ಬೇಡಮ್ಮಾ. ಮನೆ ಅಂತ ಮತ್ತೆ ಹಾಕು. ಕಾಲುಮಷಿನ್‌ಗೆ ಮಾತ್ರ, ಮೆಟ್ಟಿಲಿಲ್ಲದ ಮನೆಗೆ ಮಾತ್ರ ಅಂತ ದಪ್ಪಕ್ಷರದಲ್ಲಿ ಬರಿ."

ಈಗ ಟಪಟಪ ಇರುವುದು ಚಪ್ಪಲಿ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಗೋಡೆಗೊಂದು ಪ್ಲಗ್ಗಂತೆ. ಆ ಅಂಗಡಿಯವರ ಸೈಟೂ ಅವಳದೇ. ಅದನ್ನು ತೆರೆಯುವ ಮೊದಲು ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಅಡುಗೆಮನೆಗೆ ಬಂದಳು. ಮೂಲೆಯ ಒಂದು ಗುಂಡಿಯ ಮೇಲೆ ಬೆರಳಿಟ್ಟಳು. 'ಚೀಲ' ಎಂದಿತ್ತು, ಇದೂ ರೆಡಿಮೇಡ್ ಜೊತೆಗೇ ಬಂದದ್ದಂತೆ.

"ಅಜ್ಜಿ, ಸರಿಯಾಗಿದೆ ಅಂತ ಮಾತ್ರ ಹೇಳ್ಬೇಡಿ. ಇದನ್ನ ಒತ್ತಿದ್ರೆ ಏನಾಗತ್ತೆ ಅಂತ ನಿಮಗನ್ಸತ್ತೆ?"