ಒಂಬತ್ತು ಪಂಚಾಯಿತಿಯ ಬೂದಿ ಕಾಯುವ ಅಕ್ಕಯಮ್ಮ

ಗಂಟೆ ಇನ್ನೂ ಐದೂವರೆ. ಹುಣಸೆಕೋಡಿಯ ಒಂದು ಹೆಂಚಿನ ಮನೆಯ ಹಿತ್ತಿಲಲ್ಲಿ ಅಕ್ಕಯಮ್ಮ ತಿಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಆಗತಾನೇ ಯಾರೋ ಒಲೆ ಬಾಚಿ ಸುರಿದ ಬೂದಿ. ಅದರ ಮೇಲೆ ಮೊದಲು ಅಂಗೈ ಹಿಡಿಯುತ್ತಾರೆ, ಆಮೇಲೆ ಎರಡು ಬೆರಳು ಇಳಿಸಿ ಥಟ್ಟನೆ ಎಳೆದುಕೊಳ್ಳುತ್ತಾರೆ. "ಐತೆ, ಒಳಗೆ ಜೀವ ಐತೆ," ಎನ್ನುತ್ತಾರೆ. ಹತ್ತು ಮಾರು ದೂರದಲ್ಲಿ ರಾಗಿ ಹುಲ್ಲಿನ ಬಣವೆ, ಅದಕ್ಕೆ ಅಂಟಿಕೊಂಡಂತೆ ಜೊಂಡು ಹೊದಿಸಿದ ರೇಷ್ಮೆಹುಳದ ಮನೆ. ಎಂಟು ಗಂಟೆಗೆ ಗಾಳಿ ಏಳುತ್ತದೆ.

ಯಾರ ಮನೆ ಎಂದು ಬರೆಯಕೂಡದೆಂದು ಅಕ್ಕಯಮ್ಮನ ಕಟ್ಟಪ್ಪಣೆ. ಬರೆಯುವುದಿಲ್ಲ.

ಮನೆಯೊಡತಿ ಹಿತ್ತಿಲ ಬಾಗಿಲಿಗೆ ಬಂದು, "ಏಮಕ್ಕಾ, ಅಪ್ಪುಡೇ ವಚ್ಚೇಸಿನಾವಾ?" ಎನ್ನುತ್ತಾರೆ. ಇಷ್ಟು ಬೇಗ ಬಂದುಬಿಟ್ಟೆಯಾ ಎಂಬ ಮಾತಿನಲ್ಲಿ ನಾಚಿಕೆಯೂ ಇದೆ, ಸಿಟ್ಟೂ ಇದೆ. ಅಕ್ಕಯಮ್ಮ ಬೈಯುವುದಿಲ್ಲ. "ಒಂದು ಕೊಡ ನೀರು ತಗೊಂಬಾ ತಾಯಿ," ಎನ್ನುತ್ತಾರೆ ಅಷ್ಟೆ. ಬೂದಿ ಸುರಿದವರೇ ನೀರು ತರಬೇಕು, ಅದು ಕಾಯಿದೆ. ನೀರು ಬರುವಷ್ಟರಲ್ಲಿ ಅಂಚು ಒಡೆದ ಒಂದು ಮಡಕೆಗೆ ಆ ಬಿಸಿ ಬೂದಿಯನ್ನು ಮುಕ್ಕಾಲು ತುಂಬಿಕೊಂಡು ಹುರಿಯಲ್ಲಿ ನೇತುಹಾಕಿಕೊಳ್ಳುತ್ತಾರೆ. ಇದೇಕೆ ಎಂದು ಕೇಳಿದೆ. "ಮಧ್ಯಾಹ್ನಕ್ಕೆ ಬೇಕು," ಎಂದರು.

ಕೋಲಾರ ತಾಲೂಕಿನ ವಕ್ಕಲೇರಿ ಆಸುಪಾಸಿನ ಒಂಬತ್ತು ಪಂಚಾಯಿತಿಗಳು ಸೇರಿ ಇಟ್ಟುಕೊಂಡಿರುವ ಒಬ್ಬರೇ ನೌಕರರು ಈಕೆ. ವಯಸ್ಸು ಐವತ್ತೆರಡು. ಸಂಕ್ರಾಂತಿಯಿಂದ ಮುಂಗಾರಿನವರೆಗೆ ದಿನಕ್ಕೆ ಎರಡು ಊರು, ವಾರಕ್ಕೆ ಹದಿನಾಲ್ಕು, ಒಟ್ಟು ಆರುನೂರ ನಲವತ್ತು ತಿಪ್ಪೆ. ಮಳೆಗಾಲದಲ್ಲಿ ಬಾವಿಕಟ್ಟೆ ಕುಸಿದಿದೆಯೇ, ಶಾಲೆಯ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವ ಕೆಲಸ. ಬೆರಳ ತುದಿಗಳಲ್ಲಿ ಸುಟ್ಟ ಕಲೆ ಇಲ್ಲದ ಜಾಗ ಹುಡುಕಬೇಕು. ಊರ ಹೆಂಗಸರು ಪ್ರೀತಿಯಿಂದಲೋ ಕಾಟ ತಾಳಲಾರದೆಯೋ 'ಬೂದಿ ಅಕ್ಕಯಮ್ಮ' ಎನ್ನುತ್ತಾರೆ.

ಇದೆಲ್ಲ ಶುರುವಾದದ್ದು ಏಳು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ. ಶಿವರಾತ್ರಿ ಕಳೆದ ವಾರ ಅಕ್ಕಯಮ್ಮನ ಊರು ಬೇವಿನಗುಟ್ಟದಲ್ಲಿ ಬೆಳಗಿನ ಬೂದಿ ಗಾಳಿಗೆ ಕೆದರಿ ಹನ್ನೊಂದು ಮನೆ, ಹದಿನೆಂಟು ಬಣವೆ, ಪಂಚಾಯಿತಿ ಶಾಲೆಯ ಸೂರು ಎಲ್ಲ ಒಂದೇ ಗಂಟೆಯಲ್ಲಿ ಹೋಯಿತು. ಆ ಪಂಚಾಯಿತಿಯ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಮನೆಗೆ ಗಳ ತರುವಷ್ಟು ದುಡ್ಡು. ಅಕ್ಕಪಕ್ಕದ ಎಂಟು ಪಂಚಾಯಿತಿಯವರು ಗಾಡಿಗಳಲ್ಲಿ ಬಿದಿರು, ಹುಲ್ಲು, ರಾಗಿ ಹೇರಿಕೊಂಡು ಬಂದರು.

ಆಗ ಬೇವಿನಗುಟ್ಟದ ಸೆಕ್ರೆಟರಿ ಮುನಿರಾಮಪ್ಪನವರಿಗೆ ಹೊಳೆದದ್ದು ಇದು: ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬದಲು ಒಂಬತ್ತು ಪಂಚಾಯಿತಿಯೂ ವರ್ಷಕ್ಕೆ ಮನೆಗೆ ಐದು ರೂಪಾಯಿಯಂತೆ ಮೊದಲೇ ಹಾಕಿಡಲಿ. ಯಾರ ಊರಿಗೆ ಬಿದ್ದರೂ ಮೂರು ದಿನದೊಳಗೆ ಸೂರು ಏಳಲಿ. ಪಟ್ಟಣದವರು ಇದನ್ನು ವಿಮೆ ಎನ್ನುತ್ತಾರೆ, ಇಲ್ಲಿ ಇದರ ಹೆಸರು ಆಪತ್ತಿನ ನಿಧಿ. ಅಕ್ಕಯಮ್ಮನ ಲೆಕ್ಕ ಇನ್ನೂ ಸರಳ. "ಒಬ್ಬ ಗಳ ಎತ್ತಿದ್ರೆ ಸೊಂಟ ಹೋಗ್ತದೆ. ಒಂಬತ್ತು ಜನ ಎತ್ತಿದ್ರೆ ಚಪ್ಪರ ಆಗ್ತದೆ." ಪರಿಹಾರ ಕೊಡುತ್ತ ಕೂರುವುದಕ್ಕಿಂತ ಬೆಂಕಿಯೇ ಬೀಳದಂತೆ ನೋಡುವುದು ಅಗ್ಗ ಎಂದು ಎರಡನೇ ವರ್ಷ ಆಕೆಯನ್ನು ನೇಮಿಸಿದರು. ಸಂಬಳ ತಿಂಗಳಿಗೆ ತೊಂಬತ್ತು ರೂಪಾಯಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರೂ ಬಂದು ಏರ್ಪಾಟು ವಿಚಾರಿಸಿಕೊಂಡು ಹೋಗಿದ್ದಾರಂತೆ.

ಮೊದಲು ವರ್ಷಕ್ಕೆ ಐದಾರು ಬೆಂಕಿ. ಹೋದ ವರ್ಷ ಒಂದು. ಈ ವರ್ಷ ಒಂದೂ ಇಲ್ಲ. ಹೊಗಳಬೇಕಾದ ಮಾತು ತಾನೇ? ಆ ಮಾತೇ ಈಗ ಆಕೆಯ ಕುತ್ತಿಗೆಗೆ ಬಂದಿದೆ. ಹುಣಸೆಕೋಡಿಯ ಛೇರ್ಮನ್ ಕೋದಂಡರಾಮಪ್ಪನವರು ನಿಧಿಯಿಂದ ಹೊರಗೆ ಹೋಗುತ್ತೇವೆ ಎಂದು ಪತ್ರ ಕೊಟ್ಟಿದ್ದಾರೆ. ಅವರು ಹೋದರೆ ಹಿಂದೆಯೇ ಹೊರಡಲು ಇನ್ನೆರಡು ಪಂಚಾಯಿತಿ ಚಪ್ಪಲಿ ಮೆಟ್ಟಿಕೊಂಡು ನಿಂತಿವೆ. ಆರರಲ್ಲಿ ನಿಧಿ ನಿಲ್ಲುವುದಿಲ್ಲ.

ಮಧ್ಯಾಹ್ನ ವಕ್ಕಲೇರಿಯ ಶಾಲೆಯಲ್ಲಿ ಸಭೆ. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಕ್ಕಯಮ್ಮ ಬಾಗಿಲ ಬಳಿ ನಿಂತಿದ್ದಾರೆ, ಮಡಕೆ ಕಾಲ ಬುಡದಲ್ಲಿದೆ. ಕೋದಂಡರಾಮಪ್ಪನವರು ಕೆಟ್ಟ ಮನುಷ್ಯರಲ್ಲ, ಊರಿಗೆ ಒಂದು ಬೋರ್‌ವೆಲ್ ತರಬೇಕೆಂಬ ಆಸೆ ಅವರಿಗೆ. "ನಾಲ್ಕು ವರ್ಷದಿಂದ ನಮ್ಮೂರಲ್ಲಿ ಒಂದು ಕಡ್ಡಿ ಸುಟ್ಟಿಲ್ಲ. ನಮ್ಮ ಹೆಂಗಸರು ಜಾಗ್ರತೆ ಕಣ್ರೀ. ಇಲ್ಲದ ಬೆಂಕಿಗೆ ನಾವ್ಯಾಕೆ ದುಡ್ಡು ಸುರೀಬೇಕು?" ಎನ್ನುತ್ತಾರೆ. ಹಲವು ತಲೆಗಳು ಅಲ್ಲಾಡುತ್ತವೆ.

ಅಕ್ಕಯಮ್ಮ ಒಳಗೆ ಬಂದು ಮಡಕೆಯನ್ನು ಅವರ ಮುಂದಿನ ಮೇಜಿನ ಮೇಲಿಡುತ್ತಾರೆ. "ಸ್ವಾಮಿ, ನಿಮ್ಮೂರ ಬೂದಿ. ಬೆಳಗಿಂದ ಆರು ಮೈಲಿ ನನ್ನ ಜತೆ ನಡದು ಬಂದೈತೆ. ಅಂಗೈ ಹಿಡೀರಿ, ಸಾಕು."

"ಬೂದಿಗೆ ಹೆದರ್ತೀನೇನಮ್ಮಾ?" ಎಂದು ಛೇರ್ಮನ್ನರು ನಗುತ್ತ ಬೆರಳನ್ನೇ ಇಳಿಸುತ್ತಾರೆ. "ಅಯ್ಯಯ್ಯಪ್ಪಾ!" ಎಂದು ಕೈ ಒದರುವಾಗ ಬೂದಿ ಪಕ್ಕದವರ ಪಂಚೆಯ ಮೇಲೆಲ್ಲ ಹಾರುತ್ತದೆ. ಸಭೆ ಗೊಳ್ಳೆನ್ನುತ್ತದೆ. ಅಕ್ಕಯಮ್ಮ ನಗುವುದಿಲ್ಲ. ಸೊಂಟದಿಂದ ಒಂದು ಹಿಡಿ ರಾಗಿ ಹುಲ್ಲು ತೆಗೆದು ಮಡಕೆಗೆ ತುರುಕಿ ಒಮ್ಮೆ ಊದುತ್ತಾರೆ. ಹೊಗೆ, ಆಮೇಲೆ ಗೇಣುದ್ದ ಉರಿ. ನಗು ನಿಲ್ಲುತ್ತದೆ.

"ಬೆಂಕಿ ಇಲ್ಲ ಅಂದ್ರಲ್ಲ ಸ್ವಾಮಿ. ದಿನಾ ಐತೆ. ದಿನಾ ಆರಿಸ್ತಾ ಇದೀವಿ."

"ಯಾರ ಮನೇದು ಇದು? ಹೇಳಮ್ಮಾ, ಇವತ್ತೇ ವಿಚಾರಿಸ್ತೀನಿ," ಎಂದು ಕೋದಂಡರಾಮಪ್ಪ ಬೆರಳು ಚೀಪುತ್ತಲೇ ಗದರುತ್ತಾರೆ.

"ಅದು ಹೇಳಲ್ಲ. ಬೇಕಾದ್ರೆ ಕೆಲಸ ತೆಗೀರಿ."

ಎರಡು ಸಲ ಕೇಳಿದರೂ ಆಕೆ ಬಾಯಿ ಬಿಡುವುದಿಲ್ಲ. ಕೊನೆಗೆ ಛೇರ್ಮನ್ನರು ತಾವು ಕೊಟ್ಟ ಪತ್ರವನ್ನು ವಾಪಸು ಕೇಳಿ ಪಡೆದು ಜೇಬಿಗೆ ಇಳಿಸುತ್ತಾರೆ. "ಮುಂದಿನ ವಿಷಯ ತಗೊಳ್ಳಿ," ಎನ್ನುತ್ತಾರೆ. ಒಂಬತ್ತೂ ಉಳಿಯುತ್ತವೆ.

ಬಸ್ಸಿಗೆ ಕಾಯುತ್ತ ಹುಣಸೆ ಮರದ ಕೆಳಗೆ ಕೂತಾಗ ಅಕ್ಕಯಮ್ಮನನ್ನು ಕೇಳುತ್ತೇನೆ: ಕೆಲಸ ಹೋಗುವುದರಲ್ಲಿತ್ತು, ಒಂದು ಹೆಸರು ಹೇಳಿದ್ದರೆ ಏನಾಗುತ್ತಿತ್ತು? ಆಕೆ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಬೇವಿನಗುಟ್ಟದಾಗೆ ಹನ್ನೊಂದು ಮನೆ ಸುಟ್ಟಿತಲ್ಲ, ಆ ಬೂದಿ ನಂದೇ. ನಾನೇ ಸುರಿದಿದ್ದು. ಊರಿಗೆಲ್ಲ ಗೊತ್ತು. ಮುನಿರಾಮಪ್ಪನೋರು ಪರಿಹಾರ ಬರಕೊಳ್ಳೋವಾಗ, ಯಾರ ತಪ್ಪು ಅಂತ ಯಾರೂ ಕೇಳಬಾರದು ಅಂದ್ರು. ಸುಟ್ಟೋರ ಪಟ್ಟಿಯಾಗೆ ನನ್ನ ಮನೇನೂ ಸೇರಿಸಿದ್ರು. ಮನೆ ಕಳ್ಕೊಂಡೋರೇ ನಮ್ಮ ಸೂರಿಗೆ ಹುಲ್ಲು ಎತ್ತಿ ಕೊಟ್ರು."

ಬಸ್ಸಿನ ಹಾರನ್ ಕೇಳಿಸುತ್ತದೆ. ಇದನ್ನು ಬರೆಯಲೇ ಎಂದು ಕೇಳುತ್ತೇನೆ.

"ನನ್ನ ಹೆಸರು ಬರೀರಿ ಸ್ವಾಮಿ, ದಪ್ಪಕ್ಷರದಾಗೆ ಬರೀರಿ. ಏಳು ವರ್ಷದಿಂದ ಒಬ್ಬರೂ ನನ್ನ ಹೆಸರು ಎತ್ತಲಿಲ್ಲ. ಇನ್ನೊಬ್ಬಳ ಹೆಸರು ನಾನು ಎತ್ತಲಾ?"