ಮೂರನೆಯ ಯಂತ್ರದ ಬ್ಯಾಕಪ್

ಪಟಾನ್‌ಚೆರುವಿನ ನಮ್ಮ ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದ ಮರುದಿನ ಬೆಳಿಗ್ಗೆ, ಕಲಬುರಗಿ ಕಡೆಯ ಕೂಲಿಗಾರನೊಬ್ಬ ಕಂಪ್ಯೂಟರ್ ಕೋಣೆಯ ಗಾಜು ಒಡೆದು ಒಳಬಂದ. ಅವನ ತಮ್ಮ ಕಾಣೆಯಾಗಿದ್ದ. ಸ್ಫೋಟದ ದಿನ ತಮ್ಮ ಕೆಲಸಕ್ಕೇ ಬಂದಿರಲಿಲ್ಲ ಎಂದು ನನ್ನ ಪಕ್ಕದಲ್ಲಿದ್ದ ಮ್ಯಾನೇಜರ್ ಹೇಳಿದ್ದೇ ತಡ, ಕಬ್ಬಿಣದ ಸಲಾಕೆಯಿಂದ ಅವರ ದವಡೆಗೆ ಹೊಡೆದ. ರಕ್ತ ನನ್ನ ಕೀಬೋರ್ಡಿನ ಮೇಲೂ ಬಿತ್ತು.

"ಗೇಟಿನ್ಯಾಗ ಕಾರ್ಡ್ ತೋರಿಸಿ ಒಳಗ ಹೋಗ್ಯಾನ್ರಿ. ತೆಗೀರಿ ಅದನ್ನ," ಎಂದು ನನ್ನತ್ತ ತಿರುಗಿದ.

ಗೇಟಿನ ದಾಖಲೆ ಮೂರು ಯಂತ್ರಗಳ ಡೇಟಾಬೇಸಿನಲ್ಲಿತ್ತು. ಹಿಂದಿನ ಸಂಜೆ ಬ್ಯಾಕಪ್ ಮುಗಿದ ಮೇಲೆ ಅದು ಕೆಟ್ಟುನಿಂತಿತ್ತು; ಉಳಿದದ್ದು ಒಂದೊಂದು ಯಂತ್ರದಿಂದ ತೆಗೆದಿಟ್ಟ ಆ ಪ್ರತಿಗಳಷ್ಟೇ. ಮೂರರ ಬ್ಯಾಕಪ್ಪೂ ಒಂದೇ ಎಂದುಕೊಂಡು ನಾವು ಯಾವಾಗಲೂ ಮೊದಲನೆಯದನ್ನಷ್ಟೇ ನೋಡುತ್ತಿದ್ದೆವು. ಹಾಗೆ ನೋಡಿ, ಅವನ ತಮ್ಮನ ಹೆಸರಿಲ್ಲವೆಂದು ಮ್ಯಾನೇಜರಿಗೆ ವರದಿ ಕೊಟ್ಟವನು ನಾನೇ. ಅದನ್ನು ಹೇಳಲಿಲ್ಲ.

ಡೇಟಾಬೇಸ್ ಇಲ್ಲದೆಯೂ ಬ್ಯಾಕಪ್ ಕಡತದೊಳಗಿನದನ್ನು ಹಾಗೆಯೇ ಓದಿ ತೋರಿಸುವ ಕಮಾಂಡ್ ಒಂದಿತ್ತು. ಅದನ್ನು ಟೈಪ್ ಮಾಡಿ ಉಳಿದೆರಡನ್ನೂ ತೆರೆದೆ. ತಮ್ಮನ ಹೆಸರು ಮೂರನೆಯದರಲ್ಲಿತ್ತು.

"ನಿನ್ನೆ ಬೆಳಿಗ್ಗೆ ಆರಕ್ಕೆ ಒಳಗೆ ಬಂದಿದ್ದಾನೆ," ಎಂದೆ.

"ಸುಳ್ಳ ಬೊಗಳ್ತಿ ಏನಲೇ?" ಎನ್ನುತ್ತ ಅವನು ನೆಲಕ್ಕೆ ಬಿದ್ದಿದ್ದ ಮ್ಯಾನೇಜರರ ಪಕ್ಕೆಗೆ ಎರಡು ಸಲ ಒದ್ದ. ಆಮೇಲೆ ಪರದೆಯ ಹತ್ತಿರ ಬಂದ.

"ಹೊರಗ ಹೋಗಿದ್ದು ಎಷ್ಟಕ್ಕರಿ?"

"ಹೋಗಿದ್ದು ಇಲ್ಲ."

"ಇನ್ನೊಮ್ಮೆ ನೋಡ್ರಿ, ಸಾಹೇಬ್ರ."